ತಂತಿ ಇಲ್ಲದ ಸಂಸಾರ

ಮೇಜಿನ ಮೇಲೆ ಏನೂ ಬದಲಾಗಲಿಲ್ಲ. ಅದೇ ಬೆಳ್ಳಿಬಣ್ಣದ ವೈರ್‌ಲೆಸ್ ಕೀಬೋರ್ಡು, ಅದರ ಬಲಕ್ಕೆ ಅಂಗೈಯಗಲದ ಟ್ರ್ಯಾಕ್‌ಪ್ಯಾಡು, ಎಡಕ್ಕೆ ಕಾಫಿ ಲೋಟದ ಕಲೆ. ಬದಲಾದದ್ದು ಕಂಪ್ಯೂಟರಿನ ಒಳಗಿನ ಸಂಸಾರ. ಹಲವು ವರ್ಷ ಬಳಸಿದ ಮ್ಯಾಕ್ ವ್ಯವಸ್ಥೆಯ ಪಕ್ಕದಲ್ಲೇ, ಡಿಸ್ಕಿನ ಇನ್ನೊಂದು ಭಾಗದಲ್ಲಿ, ಲಿನಕ್ಸ್ ಎಂಬ ಇನ್ನೊಂದು ಕಾರ್ಯವ್ಯವಸ್ಥೆಯನ್ನು ತಂದು ಕೂರಿಸಿದೆ. ಹೊಸ ಮನೆಗೆ ಹೋದವರು ಹಳೆಯ ಬಾಡಿಗೆ ಮನೆಯ ಬೀಗದ ಕೈಯನ್ನು ಒಂದೆರಡು ವಾರ ತಮ್ಮಲ್ಲೇ ಇಟ್ಟುಕೊಳ್ಳುವಂತೆ, ಹಳೆಯದನ್ನು ಅಳಿಸಲು ನನಗೂ ಧೈರ್ಯ ಸಾಲಲಿಲ್ಲ.

ತಂತಿ ಇಲ್ಲದ ಕೀಬೋರ್ಡಿನ ಪರಿಚಯ ಮಾಡಿಸಲು ತಂತಿಯುಳ್ಳ ಕೀಬೋರ್ಡೇ ಬೇಕೆಂಬುದು ಮೊದಲ ಸಂಜೆಯೇ ತಿಳಿಯಿತು. ಬ್ಲೂಟೂತ್ ಎಚ್ಚರಗೊಳ್ಳುವುದು ಲಿನಕ್ಸ್ ಎದ್ದ ಮೇಲೆ; ಡಿಸ್ಕಿನ ಬೀಗ ತೆರೆಯಲು ಪಾಸ್‌ವರ್ಡ್ ಕೇಳುವುದೋ ಅದು ಏಳುವುದಕ್ಕೂ ಮೊದಲು. ಅಟ್ಟದಿಂದ ಹಳೆಯ ಕೀಬೋರ್ಡೊಂದು ಇಳಿಯಿತು. ಅದರ ತಂತಿಗೆ ಸುತ್ತಿದ್ದ ರಬ್ಬರ್ ಬ್ಯಾಂಡು ಮುಟ್ಟಿದೊಡನೆ ಪುಡಿಯಾಯಿತು. ಅದು ದಲ್ಲಾಳಿಯಾಗಿ ನಿಂತ ಮೇಲೆ ಪರದೆಯಲ್ಲಿ ಆರು ಅಂಕಿಗಳು ಮೂಡಿದವು, ಅವನ್ನೇ ವೈರ್‌ಲೆಸ್ ಕೀಬೋರ್ಡಿನಲ್ಲಿ ಒತ್ತಿ ಎಂಟರ್ ಕೊಟ್ಟಾಗ ಸಂಬಂಧ ಕುದುರಿತು. ಮರುದಿನ ಏನೋ ಹುಡುಕಲು ಮ್ಯಾಕ್‌ಗೆ ಹೋದರೆ ಅಲ್ಲಿ ಕೀಬೋರ್ಡು ಮೌನವ್ರತ ಹಿಡಿದಿತ್ತು. ಎರಡೂ ವ್ಯವಸ್ಥೆಗಳು ಬಳಸುವುದು ಒಂದೇ ಬ್ಲೂಟೂತ್ ಚಿಪ್ಪನ್ನಾದ್ದರಿಂದ ಕೀಬೋರ್ಡಿನ ಪಾಲಿಗೆ ಇಬ್ಬರದೂ ಒಂದೇ ವಿಳಾಸ. ಆದರೆ ಸಂಬಂಧ ಕುದುರಿದಾಗ ಹುಟ್ಟುವ ಗುಟ್ಟಿನ ಸಂಕೇತವೆಂಬ ಕೀಲಿಯನ್ನು ಅವು ಪರಸ್ಪರ ಹಂಚಿಕೊಳ್ಳುವುದಿಲ್ಲ, ಮತ್ತು ಹೊಸ ಕೀಲಿ ಸಿಕ್ಕಿದೊಡನೆ ಕೀಬೋರ್ಡು ಹಳೆಯದನ್ನು ಮರೆತುಬಿಡುತ್ತದೆ. ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್ ಬ್ಲೂಟೂತ್ ಚದುರಿದ ಜನರನ್ನು ಒಂದುಗೂಡಿಸಿದನೆಂದು ಈ ತಂತ್ರಕ್ಕೆ ಅವನ ಹೆಸರಿಟ್ಟರಂತೆ. ನನ್ನ ಮೇಜಿನ ಎರಡು ರಾಜ್ಯಗಳು ಮಾತ್ರ ಅವನ ಕೈಗೂ ಬಗ್ಗಲಿಲ್ಲ.

ಟ್ರ್ಯಾಕ್‌ಪ್ಯಾಡು ಅಷ್ಟು ಕಾಡಲಿಲ್ಲ. ಪುಟ ಸರಿಸುವ ಹಳೆಯ ಕ್ರಮ ಬಾವಿಯ ರಾಟೆಯಂತೆ: ಕೆಳಗೆ ಎಳೆದರೆ ಪುಟ ಮೇಲೇರುತ್ತದೆ. 2011ರ ಲಯನ್ ಆವೃತ್ತಿಯಿಂದ ಮ್ಯಾಕ್ ಹಿಡಿದದ್ದು ಬಾಳೆಲೆಯ ಕ್ರಮ: ಎಳೆದ ಕಡೆಗೇ ಬರುತ್ತದೆ. ಲಿನಕ್ಸಿನಲ್ಲಿ ಎರಡಕ್ಕೂ ಅವಕಾಶವಿರುವುದರಿಂದ ಒಂದು ಗುಂಡಿ ಒತ್ತಿದರೆ ಜಗಳ ಮುಗಿಯಿತು.

ಮುಗಿಯದ ಜಗಳ ಕಮಾಂಡ್ ಕೀಲಿಯದು. ಮ್ಯಾಕ್‌ನಲ್ಲಿ ನಕಲು ಮಾಡಲು ಹೆಬ್ಬೆರಳಿನಿಂದ ಕಮಾಂಡ್ ಒತ್ತಿ ‘ಸಿ’ ಒತ್ತಬೇಕು. ಇಲ್ಲಿ ಆ ಕೆಲಸ ಮೂಲೆಯ ಕಂಟ್ರೋಲ್‌ನದು, ಅಂದರೆ ಕಿರುಬೆರಳಿನದು. ಕಮಾಂಡ್ ಕೀಲಿ ಇಲ್ಲಿ ಸೂಪರ್ ಎಂಬ ಬಿರುದು ಪಡೆದು ಬೇರೆಯೇ ಖಾತೆ ನೋಡಿಕೊಳ್ಳುತ್ತದೆ. ಅಂಟಿಸಲೆಂದು ಕಮಾಂಡ್ ಜೊತೆ ‘ವಿ’ ಒತ್ತಿದರೆ ಮೇಲಿನಿಂದ ಕ್ಯಾಲೆಂಡರ್ ಇಳಿಯುತ್ತದೆ. ಬ್ರೌಸರಿನ ವಿಳಾಸಪಟ್ಟಿಗೆ ಹೋಗಲೆಂದು ‘ಎಲ್’ ಒತ್ತಿದರೆ ಪರದೆಗೇ ಬೀಗ ಬೀಳುತ್ತದೆ. ದಿನಕ್ಕೆ ಹತ್ತು ಬಾರಿ ನನ್ನ ಮನೆಯಿಂದ ನಾನೇ ಹೊರಬಿದ್ದು ಪಾಸ್‌ವರ್ಡ್ ಹೇಳಿ ಒಳಬರುತ್ತಿದ್ದೆ. ಹಾಗೂ ಹೀಗೂ ಕಿರುಬೆರಳನ್ನು ಕಂಟ್ರೋಲ್‌ಗೆ ಪಳಗಿಸಿದ ದಿನವೇ, ಆದೇಶಗಳನ್ನು ಟೈಪಿಸುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಒಂದು ಸಾಲನ್ನು ನಕಲು ಮಾಡಲು ಹೆಮ್ಮೆಯಿಂದ ಕಂಟ್ರೋಲ್ ಮತ್ತು ‘ಸಿ’ ಒತ್ತಿದೆ. ಟರ್ಮಿನಲ್‌ನಲ್ಲಿ ಅದರ ಅರ್ಥ ‘ನಡೆಯುತ್ತಿರುವ ಕೆಲಸವನ್ನು ನಿಲ್ಲಿಸು’ ಎಂದು. ಮುಕ್ಕಾಲು ಗಂಟೆಯಿಂದ ಫೋಟೋಗಳನ್ನು ಸಾಗಿಸುತ್ತಿದ್ದ ಕೆಲಸ ತುಟಿಪಿಟಕ್ಕೆನ್ನದೆ ನಿಂತುಹೋಯಿತು. ಅಲ್ಲಿ ಶಿಫ್ಟ್ ಕೂಡ ಸೇರಿಸಬೇಕಂತೆ. ಕೀಲಿಗಳನ್ನು ಅದಲುಬದಲು ಮಾಡಿಕೊಳ್ಳುವ ಉಪಾಯವೇನೋ ಇದೆ. ಆದರೆ ಹಾಗೆ ಮಾಡಿದರೆ ಬೇರೆಯವರ ಕಂಪ್ಯೂಟರಿನ ಮುಂದೆ ನಾನು ಅನಕ್ಷರಸ್ಥನಾಗುತ್ತೇನೆಂದು ಬಿಟ್ಟೆ.

ಕಳೆದ ವಾರ ಅಕ್ಕನ ಮಗಳಿಗೆ ಇಂಗ್ಲಿಷಿನಲ್ಲಿ ಇಮೇಲ್ ಬರೆಯುತ್ತಿದ್ದೆ. ನಡುವೆ ಕರೆಂಟ್ ಬಿಲ್ಲಿನ ನೆನಪಾಗಿ, ಫೈಲ್ ಹುಡುಕಲು ಮ್ಯಾಕ್‌ನ ರೂಢಿಯಂತೆ ಕಮಾಂಡ್ ಮತ್ತು ಸ್ಪೇಸ್ ಒತ್ತಿ, ಇಂಗ್ಲಿಷಿನಲ್ಲಿ ಬಿ, ಐ, ಎಲ್, ಎಲ್ ಎಂದು ಟೈಪಿಸಿದೆ. ಲಿನಕ್ಸಿನಲ್ಲಿ ಆ ಜೋಡಿ ಭಾಷೆ ಬದಲಿಸುತ್ತದೆ. ಹುಡುಕುವ ಕಿಟಕಿ ತೆರೆಯಲೇ ಇಲ್ಲ. ಕನ್ನಡ ಟೈಪಿಸಲು ನಾನು ಬಳಸುವ ಕಗಪ ಎಂಬ ಕೀಲಿ ವಿನ್ಯಾಸದಲ್ಲಿ ‘ಎಫ್’ ಒತ್ತದೆ ಒತ್ತಕ್ಷರ ಮೂಡುವುದಿಲ್ಲವಾದ್ದರಿಂದ ಪತ್ರದೊಳಗೇ ‘ಬಿಲಲ’ ಎಂದು ಮೂಡಿತು. ಬಿಲ್ಲನ್ನು ಫೋನಿನಲ್ಲೇ ಕಟ್ಟಿ, ಪತ್ರವನ್ನು ತಿರುಗಿ ಓದದೆ ಕಳುಹಿಸಿದೆ.

ರಾತ್ರಿ ಅವಳ ಉತ್ತರ ಬಂತು: “ಮಾಮ, ಎಲ್ಲಾ ಅರ್ಥವಾಯಿತು. ಈ ಬಿಲಲ ಅಂದರೆ ಯಾರು?”