ಕಂಪೈಲರ್ ಬಾಯಿಗೆ ಬೀಗ

ಫೋರ್ಟ್ರಾನ್ ಎಂದರೆ ವಿಜ್ಞಾನದ ಲೆಕ್ಕಗಳಿಗೆ ಬಳಸುವ ಹಳೆ ಪ್ರೋಗ್ರಾಮಿಂಗ್ ಭಾಷೆ. ಅದರ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ಗಳಲ್ಲಿ ಜಿಸಿಸಿ ಬಳಗದ ಜಿಫೋರ್ಟ್ರಾನ್ ಒಂದು. 2020ರಲ್ಲಿ ಅದರ 10ನೇ ಆವೃತ್ತಿ ಬಂತು. ಅದು ಮಾಡಿದ ಅಪರಾಧ ಒಂದೇ: ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಒಂದೇ ಸಬ್‌ರೂಟೀನ್‌ಗೆ (ಹೆಸರಿಟ್ಟು ಕರೆಯುವ ಕೋಡ್ ತುಂಡಿಗೆ) ಒಂದು ಕಡೆ ಪೂರ್ಣಾಂಕ ಕೊಟ್ಟಿದ್ದೀರಿ, ಇನ್ನೊಂದು ಕಡೆ ದಶಮಾಂಶ ಕೊಟ್ಟಿದ್ದೀರಿ, ನಾನು ಮುಂದೆ ಹೋಗಲ್ಲ ಎಂದಿತು. ನಿಯಮದ ಪ್ರಕಾರ ಅದು ಮೊದಲಿನಿಂದಲೂ ತಪ್ಪೇ. ಹಳೆ ಕಂಪೈಲರ್‌ಗಳು ಕಂಡೂ ಕಾಣದ ಹಾಗೆ ಇದ್ದವು, ಅಷ್ಟೇ.

ಹಲವು ಪ್ರೊಸೆಸರ್‌ಗಳ ನಡುವೆ ಸಂದೇಶ ಸಾಗಿಸುವ ಎಂಪಿಚ್, ವೈಜ್ಞಾನಿಕ ದತ್ತಾಂಶ ಓದಿ ಬರೆಯುವ ನೆಟ್‌ಸಿಡಿಎಫ್‌ನಂಥ ಹೆಸರುವಾಸಿ ಲೈಬ್ರರಿಗಳೂ ಎಡವಿದವು. ತಕ್ಷಣ ತೀರ್ಪೂ ಬಂತು: ಕಂಪೈಲರ್ ಕೆಟ್ಟಿದೆ!

ಪರಿಹಾರವೂ ಸಿದ್ಧವಿತ್ತು. 'ಎಫ್-ಅಲೋ-ಆರ್ಗ್ಯುಮೆಂಟ್-ಮಿಸ್‌ಮ್ಯಾಚ್' ಎಂಬ ಫ್ಲ್ಯಾಗ್ (ಕಂಪೈಲರ್‌ಗೆ ಕೊಡುವ ಸೂಚನೆ) ಹಾಕಿದರೆ ಎರರ್ ಬರೀ ಎಚ್ಚರಿಕೆಯಾಗುತ್ತದೆ. ಇದನ್ನು ಬಳಸಲೇಬೇಡಿ ಎಂದು ಕೈಪಿಡಿ ಅಲ್ಲೇ ಖಡಕ್ಕಾಗಿ ಹೇಳಿದೆ. ಕೈಪಿಡಿ ಯಾರು ಓದ್ತಾರೆ? ಕೋಡ್ ಕಂಪೈಲ್ ಮಾಡುವ ಆದೇಶಗಳಿರುವ ಕಡತ ಮೇಕ್‌ಫೈಲ್; ಒಂದು ಮೇಕ್‌ಫೈಲ್‌ನಿಂದ ಇನ್ನೊಂದಕ್ಕೆ ಫ್ಲ್ಯಾಗ್ ಹಾರಾಡುತ್ತಿದೆ.

ಕಂಪೈಲರ್ ಬಾಯಿ ಮುಚ್ಚಿಸಿದ ಮೇಲೆ ಹಳೆ ಕೋಡಿನ ಒಳಗೆ ಏನಿದೆ ನೋಡೋಣ. ಹಳೆ ಫೋರ್ಟ್ರಾನ್‌ನಲ್ಲಿ ಸಾಲಿನ 72ನೇ ಕಾಲಂ (ಅಕ್ಷರದ ಸ್ಥಾನ) ದಾಟಿದ್ದನ್ನು ಓದುವುದೇ ಇಲ್ಲ. ಆಗ ಕೋಡನ್ನು ತೂತು ಹೊಡೆದ ಪಂಚ್ ಕಾರ್ಡುಗಳಲ್ಲಿ, ಕಾರ್ಡಿಗೊಂದು ಸಾಲಿನಂತೆ ಬರೆಯುತ್ತಿದ್ದರು; 73ರಿಂದ 80ರವರೆಗಿನ ಜಾಗ ಕಾರ್ಡಿನ ಕ್ರಮಸಂಖ್ಯೆಗೆ. ಕಾರ್ಡಿನ ಕಟ್ಟು ಕೈಜಾರಿ ಬಿದ್ದರೆ ಮತ್ತೆ ಜೋಡಿಸಬೇಕಲ್ವಾ? ಕಾರ್ಡುಗಳು ಮ್ಯೂಸಿಯಂ ಸೇರಿ ದಶಕಗಳಾದವು. ಅವುಗಳ ಸೀಟನ್ನು ಮಾತ್ರ ಇನ್ನೂ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಮಳೆ ಲೆಕ್ಕದ ಕೋಡಿನಲ್ಲಿ ಯಾರೋ ಒಂದು ಸಾಲಿಗೆ ಎರಡು ಅಕ್ಷರ ಸೇರಿಸುತ್ತಾರೆ. ಕೊನೆಯಲ್ಲಿದ್ದ 'ರೇನ್ಸ್' 73ನೇ ಕಾಲಮಿಗೆ ಜಾರಿ, ಬಾಲ ಕತ್ತರಿಸಿಕೊಂಡು 'ರೇನ್' ಆಗುತ್ತದೆ. ಎರರ್ ಇಲ್ಲ. 'ರೇನ್' ಎಂಬ ಹೊಸ ವೇರಿಯಬಲ್ (ಬೆಲೆ ಇಡುವ ಹೆಸರು) ಹುಟ್ಟಿತು ಎಂದುಕೊಂಡು ಫೋರ್ಟ್ರಾನ್ ಸುಮ್ನೆ ಮುಂದೆ ಹೋಗುತ್ತದೆ. ಘೋಷಣೆ ಬೇಕಿಲ್ಲ. ಹೆಸರಿನ ಮೊದಲ ಅಕ್ಷರ ಐನಿಂದ ಎನ್‌ವರೆಗಿದ್ದರೆ ಪೂರ್ಣಾಂಕ, ಇಲ್ಲದಿದ್ದರೆ ದಶಮಾಂಶ. ಹೆಸರು ಕೇಳಿದ ಕೂಡಲೇ ಜಾತಿ ಹೇಳಿಬಿಡುವ ಊರ ಹಿರಿಯರಿಗೂ ಇಷ್ಟು ಆತ್ಮವಿಶ್ವಾಸ ಇರಲಿಕ್ಕಿಲ್ಲ. ಅದರೊಳಗೆ ಯಾವ ಬೆಲೆ ಇದೆ? ಮೆಮೊರಿಯಲ್ಲಿ ಆಗ ಬಿದ್ದಿದ್ದ ಕಸ. ಹಳೆ ಯಂತ್ರದಲ್ಲಿ ಅದೃಷ್ಟಕ್ಕೆ ಸೊನ್ನೆ ಇರುತ್ತಿತ್ತು, ಲೆಕ್ಕ ನಡೆದುಹೋಗುತ್ತಿತ್ತು. ಹೊಸ ಕಂಪೈಲರ್‌ನಲ್ಲಿ ಮಳೆಯೇ ಬೇರೆ!

ಘೋಷಿಸದ ಹೆಸರನ್ನು ಒಪ್ಪಬೇಡ ಎಂದು ಕಂಪೈಲರ್‌ಗೆ ಹೇಳುವ 'ಇಂಪ್ಲಿಸಿಟ್ ನನ್' ಎಂಬ ಒಂದು ಸಾಲು ಹಾಕಿ ಎಂದರೆ, "ಅಯ್ಯೋ, ನಲವತ್ತು ವರ್ಷದಿಂದ ಓಡ್ತಿದೆ, ಮುಟ್ಟಬೇಡಿ" ಎನ್ನುತ್ತಾರೆ. ಹಾಕಿದರೆ ಎರರ್ ಸುರಿಯುತ್ತದೆ ಎಂಬುದು ಅವರಿಗೂ ಗೊತ್ತು.

ಕೋಡ್ ಸರಿಮಾಡುವ ಹುದ್ದೆ ಮಂಜೂರಾಗಿಲ್ಲ. ಸೂಪರ್‌ಕಂಪ್ಯೂಟರ್‌ಗೆ ಕೋಟಿಗಟ್ಟಲೆ ಮಂಜೂರಾಗುತ್ತದೆ. ಅದಕ್ಕೆ ಟೇಪ್ ಕತ್ತರಿಸಬಹುದು, ಫೋಟೊ ತೆಗೆಸಿಕೊಳ್ಳಬಹುದು. ಉದ್ಘಾಟನೆ ಮುಗಿದು ಹಾರ ಬಾಡುವ ಮೊದಲೇ ಬಳಕೆದಾರರ ಮೊದಲ ಅರ್ಜಿ ಬರುತ್ತದೆ: "ಸಾರ್, ದಯವಿಟ್ಟು ಇದರಲ್ಲಿ ಹಳೆ ಜಿಸಿಸಿ 9 ಹಾಕಿಕೊಡಿ."