ತುಳಸಿಕಟ್ಟೆಯೋ, ಒಲೆಯೋ?

ಹೋದ ತಿಂಗಳು ಒಂದು ಸ್ವೆಟರ್ ಮುಗಿಸಿ ಅವ್ವನ ಮುಂದೆ ಹಿಡಿದೆ. ಕಪ್ಪು ಉಲ್ಲನ್, ಎದೆಯ ಮೇಲೆ ಬಿಳಿ ತುಳಸಿಕಟ್ಟೆ. ಆರು ವಾರದ ಕೆಲಸ. ಅವ್ವ ಕನ್ನಡಕ ಏರಿಸಿಕೊಂಡು ನೋಡಿದಳು. ತಲೆ ಓರೆ ಮಾಡಿ ನೋಡಿದಳು. ಆಮೇಲೆ ಕೇಳಿದಳು, "ಎದಿ ಮ್ಯಾಲ ಒಲಿ ಯಾಕ ಹಾಕೀದಿ?"

ಸಿಟ್ಟು ಬಂತು. ಆದರೆ ನೋಡಿದರೆ ಒಲೆಯೇ! ಕುಳ್ಳಗೆ, ಅಗಲಕ್ಕೆ ಕೂತುಬಿಟ್ಟಿತ್ತು. ಮೇಲಿನ ತುಳಸಿ ಗಿಡ ಹೊಗೆಯ ಹಾಗೆ ಕಾಣುತ್ತಿತ್ತು.

ಯಾಕೆ ಹೀಗಾಯಿತು ಅಂತ ಹೇಳುತ್ತೇನೆ. ಅದಕ್ಕೂ ಮೊದಲು ಇನ್ನೊಂದು ವಿಷಯ. ಮೆಟ್ರೋದಲ್ಲಿ ಕೂತು ಹೆಣೆಯುವಾಗ ಪಕ್ಕದವರು ಕೇಳುವ ಪ್ರಶ್ನೆ ಎರಡೇ. "ಈ ಬೆಂಗಳೂರು ಚಳಿಗೆ ಸ್ವೆಟರ್ ಬೇಕಾ?" (ಚಳಿಗೆ ಬೇಡ, ಮೆಟ್ರೋ ಎಸಿಗೆ ಬೇಕು.) ಇನ್ನೊಂದು, "ಡಿಸೈನ್ ಎಲ್ಲಿಂದ ತೆಗೀತೀರಾ? ಪಿಂಟರೆಸ್ಟಾ?" ಅಲ್ಲ. ನಾನು ಎರಡು ಕಡೆಯಿಂದ ಕದಿಯುತ್ತೇನೆ. ಒಂದು, ಪ್ಯಾರಿಸ್ಸಿನ ರ‍್ಯಾಂಪ್ ಮೇಲೆ ನಡೆಯುವ, ನಾವು ಜನ್ಮದಲ್ಲಿ ಕೊಳ್ಳಲಾಗದ ಬಟ್ಟೆಗಳಿಂದ. ಇನ್ನೊಂದು, ನಮ್ಮ ಮನೆಯ ತರಕಾರಿ ಬುಟ್ಟಿಯಿಂದ. ಈ ಎರಡೂ ತುಂಬಾ ದೂರ ಅಂತ ಜನ ಅಂದುಕೊಳ್ಳುತ್ತಾರೆ. ನನಗೆ ಹಾಗೆ ಕಾಣಿಸುವುದಿಲ್ಲ.

ನಿಮ್ಮ ಮನೆಯ ಒಂದು ಬನಿಯನ್ ತೆಗೆದುಕೊಳ್ಳಿ. ಫೋನ್ ಕ್ಯಾಮೆರಾದಲ್ಲಿ ಜೂಮ್ ಮಾಡಿ. ಇಂಗ್ಲಿಷಿನ ವಿ ಅಕ್ಷರಗಳು ಒಂದರ ಮೇಲೊಂದು ಕೂತಿರುತ್ತವೆ. ನನ್ನ ಸ್ವೆಟರಿನಲ್ಲಿರುವುದೂ ಅದೇ ವಿ. ಬನಿಯನ್ ನೇಯ್ದದ್ದಲ್ಲ, ಹೆಣೆದದ್ದು. ತಿರುಪ್ಪೂರಿನ ಮಷಿನ್ನುಗಳು ಹೆಣೆಯುತ್ತವೆ ಅಷ್ಟೆ. ಅದಕ್ಕೇ ಬನಿಯನ್ ಎಳೆದರೆ ಹಿಗ್ಗುತ್ತದೆ, ಪಂಚೆ ಹಿಗ್ಗುವುದಿಲ್ಲ. ಫ್ರಾನ್ಸಿನಲ್ಲೂ ಜರ್ಸಿ ಅನ್ನುವ ಈ ಹೆಣೆದ ಬಟ್ಟೆ ಹೆಚ್ಚಾಗಿ ಗಂಡಸರ ಒಳಉಡುಪಿಗೇ ಹೋಗುತ್ತಿತ್ತು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1916ರ ಸುಮಾರಿಗೆ, ಡಿಸೈನರ್ ಕೊಕೊ ಶನೆಲ್ ಅದೇ ಬಟ್ಟೆಯಲ್ಲಿ ಶ್ರೀಮಂತ ಹೆಂಗಸರ ಉಡುಪು ಹೊಲಿಸಿದರು. ಅಂದರೆ ಬನಿಯನ್ ಬಟ್ಟೆಯೇ ಹೈ ಫ್ಯಾಷನ್ ಆಯಿತು!

ಆದರೆ ನನ್ನ ಗುರು ಶನೆಲ್ ಅಲ್ಲ, ಇಟಲಿ ಮೂಲದ ಡಿಸೈನರ್ ಎಲ್ಸಾ ಸ್ಕಿಯಾಪರೆಲ್ಲಿ. 1927ರಲ್ಲಿ ಪ್ಯಾರಿಸ್ಸಿನಲ್ಲಿ ಅವರು ತಂದ ಒಂದು ಸ್ವೆಟರ್ ಇದೆ. ಕಪ್ಪು ಮೈ, ಕತ್ತಿನ ಹತ್ತಿರ ದೊಡ್ಡ ಬಿಳಿ ಬೋ. ದೂರದಿಂದ ನೋಡಿದರೆ ನಿಜವಾದ ರಿಬ್ಬನ್ ಕಟ್ಟಿದ್ದಾರೆ ಅನಿಸುತ್ತದೆ. ಹತ್ತಿರ ಹೋದರೆ ಹೆಣಿಗೆಯಲ್ಲೇ ಬಿಡಿಸಿದ ಚಿತ್ರ. ಕಣ್ಕಟ್ಟು.

ಸ್ಕಿಯಾಪರೆಲ್ಲಿಗೆ ಹೆಣೆಯಲು ಬರುತ್ತಿರಲಿಲ್ಲ. ಗೆಳತಿಯೊಬ್ಬಳು ಹಾಕಿಕೊಂಡು ಬಂದ ಸಾದಾ ಸ್ವೆಟರ್ ಕಣ್ಣಿಗೆ ಬಿತ್ತು. ಬೇರೆ ಸ್ವೆಟರುಗಳ ಹಾಗೆ ಜೋತು ಬಿದ್ದಿರಲಿಲ್ಲ, ಮೈಮೇಲೆ ಗಟ್ಟಿಯಾಗಿ ಕೂತಿತ್ತು. ಯಾರು ಹೆಣೆದದ್ದು ಅಂತ ವಿಚಾರಿಸಿದರೆ, ಪ್ಯಾರಿಸ್ಸಿನಲ್ಲಿದ್ದ ಒಬ್ಬ ಅರ್ಮೇನಿಯನ್ ಹೆಂಗಸು. ನೇರ ಅವರ ಹತ್ತಿರ ಹೋಗಿ ಬೋ ಚಿತ್ರ ಬರೆದು ಕೊಟ್ಟರು. ಮೊದಲನೆಯದು ಸೊಟ್ಟಗೆ ಬಂತು. ಮೂರನೆಯದು ಊರೆಲ್ಲ ಮಾತಾಡುವಂತೆ ಬಂತು. ನೋಡಿ, ಇಷ್ಟು ದೊಡ್ಡ ಫ್ಯಾಷನ್ ಕಥೆ ಶುರುವಾಗಿದ್ದು ಎಲ್ಲಿಂದ? ಗೆಳತಿ ಸುಮ್ನೆ ಹಾಕಿಕೊಂಡು ಬಂದಿದ್ದ ಸ್ವೆಟರಿನಿಂದ.

ಆ ಸ್ವೆಟರಿನ ಫೋಟೋ ನೋಡಿದ ದಿನವೇ ನನಗೆ ಅವ್ವನ ಟ್ರಂಕಿನಲ್ಲಿರುವ ಚಂದ್ರಕಾಳಿ ಸೀರೆ ನೆನಪಾಯಿತು. ಕರೀ ಸೀರೆ, ಮೈತುಂಬ ಕಸೂತಿ. ಧಾರವಾಡದ ಕಡೆ ಮದುವೆಯಲ್ಲಿ ಹೆಣ್ಣಿಗೆ ಕೊಡುತ್ತಿದ್ದರು. ತೇರು, ಗೋಪುರ, ಆನೆ, ನವಿಲು, ತುಳಸಿಕಟ್ಟೆ, ಎಲ್ಲ ಉಂಟು. ಕಸೂತಿಗೆ ಪೆನ್ಸಿಲಿನಿಂದ ಗೆರೆ ಎಳೆಯುವ ಹಾಗಿಲ್ಲ. ಬಟ್ಟೆಯ ಎಳೆ ಎಣಿಸಿಕೊಂಡೇ ಸೂಜಿ ಹಾಕಬೇಕು. ಗವಂತಿ, ಮುರಗಿ ಅನ್ನುವ ಹೊಲಿಗೆಗಳಲ್ಲಂತೂ ಒಂದು ಗಂಟೂ ಕಾಣಬಾರದು, ಬಟ್ಟೆಯ ಎರಡೂ ಕಡೆ ಒಂದೇ ಥರ ಬರಬೇಕು. ಎಣಿಸುವ ಕೆಲಸ ಅಂದಮೇಲೆ ಗ್ರಾಫ್ ಶೀಟಿಗೆ ಇಳಿಸಬಹುದು. ಗ್ರಾಫ್ ಶೀಟಿಗೆ ಇಳಿದದ್ದನ್ನು ಹೆಣೆಯಬಹುದು. ಅಲ್ವಾ?

ಅಲ್ಲೇ ನಾನು ಎಡವಿದ್ದು.

ಗ್ರಾಫ್ ಶೀಟಿನ ಒಂದೊಂದು ಮನೆಯೂ ಚೌಕ. ಹೆಣಿಗೆಯ ಕುಣಿಕೆ ಚೌಕವಲ್ಲ, ಅದು ಎತ್ತರಕ್ಕಿಂತ ಅಗಲ ಜಾಸ್ತಿ. ನನ್ನ ಕೈಯಲ್ಲಿ, ಆ ಉಲ್ಲನ್ನಿಗೆ, ನಾಲ್ಕು ಇಂಚು ಅಗಲಕ್ಕೆ 22 ಕುಣಿಕೆ ಬರುತ್ತವೆ. ನಾಲ್ಕು ಇಂಚು ಎತ್ತರಕ್ಕೆ 30 ಸಾಲು ಬೇಕು. ನಾನು ಮಾಡಿದ್ದೇನು? ಅಡ್ಡ 31, ಉದ್ದ 31 ಮನೆಯ ತುಳಸಿಕಟ್ಟೆಯನ್ನು ಹಾಗೇ ಎತ್ತಿ ಹೆಣೆದೆ. ಅಗಲ ಐದೂವರೆ ಇಂಚು ದಾಟಿತು, ಎತ್ತರ ನಾಲ್ಕಕ್ಕೇ ನಿಂತಿತು. ಒಲೆಯಾಗದೆ ಇನ್ನೇನಾಗುತ್ತದೆ! ಹದಿನೈದು ವರ್ಷದಿಂದ ಹೆಣೆಯುತ್ತಿದ್ದೇನೆ ಅಂತ ಹೇಳಿಕೊಳ್ಳುವುದಕ್ಕೇ ನಾಚಿಕೆ.

ಎರಡನೇ ಎಡವಟ್ಟು ಒಳಗಡೆ ಇತ್ತು. ಎರಡು ಬಣ್ಣದಲ್ಲಿ ಹೆಣೆಯುವಾಗ ಸುಮ್ಮನಿರುವ ಬಣ್ಣದ ದಾರ ಹಿಂದುಗಡೆ ಅಡ್ಡಕ್ಕೆ ಹಾದು ಹೋಗುತ್ತದೆ. ಕಸೂತಿ ಚಿತ್ರವೆಂದರೆ ಬರೀ ಗೆರೆಗಳು. ಒಂದು ಬಿಳಿ ಗೆರೆಯಿಂದ ಇನ್ನೊಂದಕ್ಕೆ ಕೆಲವು ಕಡೆ ಹನ್ನೊಂದು ಕುಣಿಕೆ ದೂರ. ಅಷ್ಟುದ್ದ ದಾರ ಹಿಂದೆ ಸಡಿಲವಾಗಿ ತೂಗಾಡುತ್ತಿತ್ತು. ಹಾಕಿಕೊಳ್ಳಲು ಹೋದಾಗಲೆಲ್ಲ ಉಂಗುರ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅದೇ ಭಯಕ್ಕೆ ಕೆಲವು ಕಡೆ ದಾರ ಬಿಗಿಯಾಗಿ ಎಳೆದಿದ್ದೆ. ಅಲ್ಲಿ ಸ್ವೆಟರ್ ಸುಕ್ಕುಗಟ್ಟಿತ್ತು.

ಮತ್ತೆ ಆ ಬೋ ಸ್ವೆಟರಿನ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಕಪ್ಪು ಭಾಗದ ತುಂಬ ಸಣ್ಣ ಸಣ್ಣ ಬಿಳಿ ಚುಕ್ಕೆಗಳು. ಇಷ್ಟು ದಿನ ಹಳೇ ಫೋಟೋದ ಧೂಳು ಅಂದುಕೊಂಡಿದ್ದೆ. ಧೂಳಲ್ಲ. ಆ ಅರ್ಮೇನಿಯನ್ ಹೆಂಗಸು ಹಿಂದಿನ ಬಿಳಿ ದಾರವನ್ನು ಕೆಲವೇ ಕುಣಿಕೆಗೊಮ್ಮೆ ಕಪ್ಪು ದಾರದ ಅಡಿಯಲ್ಲಿ ಸಿಕ್ಕಿಸಿಕೊಂಡು ಹೋಗಿದ್ದಾರೆ. ಸಿಕ್ಕಿಸಿದ ಕಡೆಯೆಲ್ಲ ಬಿಳಿ ಒಂಚೂರು ಇಣುಕುತ್ತದೆ. ಸ್ವೆಟರ್ ಗಟ್ಟಿಯಾಗಿ ಕೂತಿದ್ದೂ ಈ ಉಪಾಯದಿಂದಲೇ. ಅಂಗಡಿಯಲ್ಲಿ ಕೊಂಡ ಮಾಲಾಗಿದ್ದರೆ ನಾವು "ಬಣ್ಣ ಇಣುಕುತ್ತಿದೆ, ಡಿಫೆಕ್ಟ್ ಪೀಸ್" ಅಂತ ವಾಪಸ್ ಕೊಡುತ್ತಿದ್ದೆವೇನೋ. ಆ ಚುಕ್ಕೆಗಳೇ ಅದರ ಚೆಲುವು.

ಹಾಗಾಗಿ ಸ್ವೆಟರಿನ ಮುಂಭಾಗ ಪೂರ್ತಿ ಬಿಚ್ಚಿದೆ. ಬಿಚ್ಚುವಾಗ ಅವ್ವ ಉಂಡೆ ಸುತ್ತಿಕೊಟ್ಟಳು. ಕೊಂಕು ನುಡಿದದ್ದಕ್ಕೆ ಅದು ದಂಡ. ಹೊಸ ಗ್ರಾಫ್ ಬರೆದೆ. ಅಗಲ ಅದೇ 31, ಎತ್ತರ 42 ಸಾಲು. ದಾರವನ್ನು ಮೂರು ಕುಣಿಕೆಗೊಮ್ಮೆ ಸಿಕ್ಕಿಸುತ್ತಾ ಹೋದೆ. ಕಪ್ಪಿನ ಮೇಲೆ ರಾಗಿಕಾಳಿನಷ್ಟು ಬಿಳಿ ಚುಕ್ಕೆ. ಚಂದ್ರಕಾಳಿ ಅಂತ ಹೆಸರಿಟ್ಟವರಿಗೆ ಇದು ಇಷ್ಟವಾಗುತ್ತಿತ್ತು ಅನಿಸಿತು.

ಎಲ್ಲ ರ‍್ಯಾಂಪ್ ಬಟ್ಟೆಯೂ ಹೀಗೆ ಕೈಗೆ ಸಿಗುವುದಿಲ್ಲ, ನಿಜ. 1982ರಲ್ಲಿ ಜಪಾನಿನ ಡಿಸೈನರ್ ರೇ ಕವಾಕುಬೊ ತೂತು ತೂತಾದ ಕಪ್ಪು ಸ್ವೆಟರ್ ತಂದರು. ಹೆಣೆಯುವ ಮಷಿನ್ನಿನ ಸ್ಕ್ರೂ ಸಡಿಲಿಸಿ, ಬೇಕಂತಲೇ ಕುಣಿಕೆ ಜಾರುವಂತೆ ಮಾಡಿದ್ದು. ಅವರು ಅದನ್ನು ಲೇಸ್ ಅಂದರು. ಫೋಟೋ ನೋಡಿ ಅವ್ವ ಅಂದದ್ದು, "ಇಲಿ ಕಡದದ." ನಾನೂ ಅದನ್ನು ಹಾಕಿಕೊಂಡು ಆಫೀಸಿಗೆ ಹೋಗಲಾರೆ. ಆದರೆ ಆವತ್ತಿನಿಂದ ಕುಣಿಕೆ ಜಾರಿದರೆ ಎದೆ ಧಸಕ್ ಅನ್ನುವುದು ಕಮ್ಮಿಯಾಗಿದೆ. ಒಂದು ಶಾಲಿನಲ್ಲಿ ಹತ್ತು ಕುಣಿಕೆಗೊಂದನ್ನು ನಾನೇ ಬೀಳಿಸಿ ಕೆಳಗಿನ ತನಕ ಜಾರಲು ಬಿಟ್ಟೆ. ಏಣಿಯ ಹಾಗೆ ಗೆರೆಗಳು ಬಂದವು. ಅದನ್ನು ಅವ್ವನೇ ಹೊದೆಯುತ್ತಾಳೆ. ಇಲಿಯ ವಿಷಯ ನಾನು ಎತ್ತಿಲ್ಲ.

ಇನ್ನು ತರಕಾರಿ ಬುಟ್ಟಿ. ಹಾಗಲಕಾಯಿ ಉದ್ದಕ್ಕೆ ಏಣು, ಏಣಿನ ನಡುವೆ ಗುಳ್ಳೆ. ರಿಬ್ ಹಾಕಿ ಮಧ್ಯೆ ಬಾಬಲ್ ಹಾಕಿದರೆ ಮಗುವಿನ ಕುಲಾವಿಗೆ ಹೇಳಿ ಮಾಡಿಸಿದ್ದು, ತಿಳಿ ಹಸಿರಾದರೆ ಇನ್ನೂ ಚೆನ್ನ. ಹಲಸಿನ ಹಣ್ಣಿನ ಮೈ ನೋಡಿದರೆ ಮಾಸ್ ಸ್ಟಿಚ್, ಅಂದರೆ ಮೈತುಂಬ ಸಣ್ಣ ಉಬ್ಬಿನ ಹೆಣಿಗೆ. ಮೆಟ್ರೋದಲ್ಲಿ ಮುಂದೆ ನಿಂತ ಹುಡುಗಿಯ ಜಡೆಯಂತೂ ಅಪ್ಪಟ ಕೇಬಲ್, ಅಂದರೆ ಕುಣಿಕೆಗಳನ್ನು ಒಂದರ ಮೇಲೊಂದು ದಾಟಿಸುವ ಹೆಣಿಗೆ. ಮೂರು ಕಾಲು, ಒಂದು ಸಲ ಎಡಗಡೆಯದು ಮೇಲೆ, ಮುಂದಿನ ಸಲ ಬಲಗಡೆಯದು ಮೇಲೆ. ಒಂದು ದಿನ ಅಂಥ ಜಡೆಯನ್ನೇ ನೋಡುತ್ತಾ ಕೂತು ನನ್ನ ಸ್ಟೇಷನ್ ದಾಟಿಹೋಗಿತ್ತು. ಅದರಲ್ಲಿ ಒಂದು ಕಡೆ ಎರಡು ಕಾಲು ದಪ್ಪ, ಒಂದು ಸಣ್ಣ. ಬೆಳಿಗ್ಗೆ ಅವಸರದಲ್ಲಿ ಹಾಕಿಕೊಂಡಿರಬೇಕು. ಪುಸ್ತಕದ ಕೇಬಲ್‌ಗಳಲ್ಲಿ ಮೂರೂ ಸಮ ಇರುತ್ತವೆ. ಆ ಅವಸರದ ಜಡೆಯನ್ನೇ ಒಂದು ಟೋಪಿಗೆ ಹಾಕಿದೆ. ಎಲ್ಲರೂ ಕೇಳುವುದು ಅದೇ ಟೋಪಿಯನ್ನು.

ಇಟಲಿಯ ಫ್ಯಾಷನ್ ಕಂಪನಿ ಮಿಸ್ಸೋನಿಯ ಅಂಕುಡೊಂಕು ಪಟ್ಟೆ ನೋಡಿದಾಗಲೂ ನನಗೆ ಕಾಣುವುದು ಕಸೂತಿಯ ಮುರಗಿ ಹೊಲಿಗೆಯೇ. ಒಟ್ಟಾವಿಯೊ ಮಿಸ್ಸೋನಿ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಓಡಿದವರು. ಮಾಡುತ್ತಿದ್ದದ್ದು ಉಣ್ಣೆಯ ಟ್ರ್ಯಾಕ್‌ಸೂಟ್. 1953ರಲ್ಲಿ ಗಂಡ ಹೆಂಡತಿ ಸೇರಿ ಹೆಣಿಗೆ ಉಡುಪಿನ ಕಾರ್ಖಾನೆ ಶುರುಮಾಡಿದರು. ಮುಂದೆ ಶಾಲು ಹೆಣೆಯುವ ಮಷಿನ್ನಿನಲ್ಲೇ ಆ ಪಟ್ಟೆ ತೆಗೆದರು. ಕೈಯಲ್ಲೂ ಕಷ್ಟವೇನಿಲ್ಲ. ಒಂದು ಕಡೆ ಕುಣಿಕೆ ಹೆಚ್ಚಿಸಿ, ಇನ್ನೊಂದು ಕಡೆ ಅಷ್ಟೇ ಇಳಿಸಿದರೆ ಸಾಲು ತಾನಾಗಿ ಬಾಗುತ್ತದೆ.

ಕಾಪಿ ಹೊಡೆಯುವವರ ಮೇಲೆ ನನಗೆ ಕೋಪವಿಲ್ಲ. 2020ರಲ್ಲಿ ಹಾಡುಗಾರ ಹ್ಯಾರಿ ಸ್ಟೈಲ್ಸ್ ಹಾಕಿಕೊಂಡಿದ್ದ ಜೆ.ಡಬ್ಲ್ಯೂ. ಆಂಡರ್ಸನ್ ಕಾರ್ಡಿಗನ್ ಬೆಲೆ ಸಾವಿರ ಪೌಂಡಿಗೂ ಮೇಲಿತ್ತು. ಬಣ್ಣಬಣ್ಣದ ಚೌಕಗಳದು. ಲಾಕ್‌ಡೌನಿನಲ್ಲಿ ಲೋಕದ ಹುಡುಗರೆಲ್ಲ ಅದನ್ನು ನೋಡಿ ನೋಡಿ ಹೆಣೆಯತೊಡಗಿದರು. ಕೊನೆಗೆ ಡಿಸೈನರ್ರೇ ಪ್ಯಾಟರ್ನ್ ಪುಕ್ಕಟೆ ಹಂಚಿದರು. ನಾನೂ ಹೆಣೆದೆ. ಎಷ್ಟೋ ಜನ ಕಡ್ಡಿ ಹಿಡಿಯಲು ಕಲಿತದ್ದೇ ಅದರಿಂದ. ನನ್ನ ತಕರಾರು ಬೇರೆ. ಉಲ್ಲನ್ ಅಂಗಡಿಗೆ ಬಂದು "ಸೇಮ್ ಈ ಫೋಟೋದಲ್ಲಿರೋ ಬಣ್ಣವೇ ಬೇಕು" ಅಂತ ಫೋನ್ ತೋರಿಸಿ ಅಂಗಡಿಯವರ ಜೀವ ತಿನ್ನುತ್ತಾರಲ್ಲ, ಅದು. ಆ ಕಾರ್ಡಿಗನ್ ಮೂಲದಲ್ಲೇ ಉಳಿದ ತುಂಡು ಜೋಡಿಸಿ ಹೊಲಿದಂತಿರುವ ಕೌದಿ. ನಮ್ಮಜ್ಜಿ ಕೌದಿ ಹೊಲಿಯುವಾಗ ಬಟ್ಟೆ ಅಂಗಡಿಗೆ ಹೋಗಿದ್ದನ್ನು ನಾನು ನೋಡಿಲ್ಲ. ನನ್ನದರಲ್ಲಿ ಎರಡು ಚೌಕ ಅಣ್ಣನ ಮಗನ ಹಳೇ ಸ್ವೆಟರ್ ಬಿಚ್ಚಿದ್ದು, ಒಂದು ಯಾರೋ ಬಿಟ್ಟುಹೋದ ಮಂಕಿಕ್ಯಾಪು.

ನಿನ್ನೆ ರಾತ್ರಿ ತುಳಸಿಕಟ್ಟೆಯ ಎರಡನೇ ಆವೃತ್ತಿ ಮುಗಿಯಿತು. ಅವ್ವನ ಮುಂದೆ ಹಿಡಿದೆ. ಈ ಸಲ ತಲೆ ಓರೆ ಮಾಡಲಿಲ್ಲ. ಒಳಗೆ ಕೈ ಹಾಕಿ ತಿರುಗಿಸಿ ಹಿಂಭಾಗ ನೋಡಿದಳು. ಕಸೂತಿ ಬಲ್ಲವರು ಮೊದಲು ನೋಡುವುದೇ ಹಿಂಭಾಗ.

"ಈಗ ತುಳಸಿಕಟ್ಟಿ ಆತು ನೋಡು," ಅಂದಳು. ಆಮೇಲೆ ಬೆರಳಿಟ್ಟು ಕೇಳಿದಳು, "ದೀಪ ಎಲ್ಲೈತಿ?"

ಗೂಡಿನಲ್ಲಿ ದೀಪ ಇಟ್ಟಿರಲಿಲ್ಲ. ಪುಣ್ಯಕ್ಕೆ ಈಗ ಬಿಚ್ಚಬೇಕಿಲ್ಲ, ಮೇಲಿಂದ ಸೂಜಿಯಲ್ಲಿ ನಾಲ್ಕು ಕುಣಿಕೆ ತುಂಬಿದರೆ ಸಾಕು. ಮನೆಯಲ್ಲಿ ಹಳದಿ ಉಲ್ಲನ್ ಒಂದೆಳೆಯೂ ಇಲ್ಲ. ಶನಿವಾರ ಚಿಕ್ಕಪೇಟೆಗೆ ಹೋಗುತ್ತಿದ್ದೇನೆ. ಯಾರಾದರೂ ಬರುವುದಿದ್ದರೆ ಹೇಳಿ.