ಟ್ಯಾಂಕ್ ತುಂಬಿತು, ಸುದ್ದಿ ಬರಲಿಲ್ಲ

ನಮ್ಮ ಟ್ಯಾಂಕಿನ ನೀರು ಪಕ್ಕದ ಮನೆಯ ಟೀಚರಮ್ಮನವರ ಸಂಡಿಗೆಯ ಮೇಲೆ ಮೊದಲ ಸಲ ಸುರಿದಾಗ ಅದನ್ನು ಆಕಸ್ಮಿಕವೆಂದು ಎರಡೂ ಮನೆಯವರು ಒಪ್ಪಿಕೊಂಡೆವು. ಎರಡನೆಯ ಸಲ ಸುರಿದಾಗ ನಾನು ಇಂಟರ್ನೆಟ್ಟನ್ನು ದೂರಿದೆ. ಮೂರನೆಯ ಸಲ ಸುರಿಯುವ ಹೊತ್ತಿಗೆ ನಮ್ಮ ಇಂಟರ್ನೆಟ್ಟಿನ ವೇಗ ಏಳೂವರೆ ಪಟ್ಟು ಹೆಚ್ಚಾಗಿತ್ತು.

ಬೆಂಗಳೂರಿನ ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಬೆಳಿಗ್ಗೆ ಸಂಪು ತುಂಬಿಕೊಳ್ಳುತ್ತದೆ. ಮಧ್ಯಾಹ್ನ ಮೋಟರ್ ಹಾಕಿ ಟ್ಯಾಂಕಿಗೆ ಏರಿಸಬೇಕು. ಇದಕ್ಕೆ ನಮ್ಮ ಮನೆಯಲ್ಲಿ ಮೂವತ್ತು ವರ್ಷ ನಡೆದುಬಂದ ವ್ಯವಸ್ಥೆಯ ಹೆಸರು ಅಮ್ಮ. ಮೋಟರ್ ಹಾಕಿ ಹಿತ್ತಲ ಬಾಗಿಲಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಪೈಪಿನಲ್ಲಿ ನೀರು ಏರುವ ಸದ್ದಿಗೂ ಟ್ಯಾಂಕು ತುಂಬುವಾಗಿನ ಸದ್ದಿಗೂ ವ್ಯತ್ಯಾಸ ಇದೆಯಂತೆ. ನನಗೆ ಇವತ್ತಿನವರೆಗೂ ಅದು ಕೇಳಿಸಿಲ್ಲ. ಅಮ್ಮ ಮಾತ್ರ ಕೈಯಲ್ಲಿದ್ದ ಕಾಯಿಯನ್ನೂ ಕೆಳಗಿಡದೆ "ತುಂಬಿತು, ಆರಿಸೋ" ಎನ್ನುತ್ತಿದ್ದಳು. ಓಡಿಹೋಗಿ ಆರಿಸುವುದು ನನ್ನ ಪಾಲಿನ ಕೆಲಸ. ಯಂತ್ರದ ಭಾಷೆಯಲ್ಲಿ ಹೇಳುವುದಾದರೆ ಅಮ್ಮ ಸೆನ್ಸರ್, ನಾನು ಸ್ವಿಚ್ಚು.

ಐವತ್ತು ದಾಟಿದ ಮೇಲೂ ಸ್ವಿಚ್ಚಾಗಿಯೇ ಇರಲು ಮನಸ್ಸಾಗಲಿಲ್ಲ. ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಚಪ್ಪಾಳೆ ತಟ್ಟಿದರೆ ದೀಪ ಹೊತ್ತುವುದನ್ನೂ ಫೋನು ಮುಟ್ಟಿದರೆ ಗೀಸರ್ ಕಾಯುವುದನ್ನೂ ನೋಡಿಬಂದು ಒಂದೇ ತಿಂಗಳಲ್ಲಿ ಹದಿನಾಲ್ಕು ಸಾಧನಗಳನ್ನು ತರಿಸಿದೆ. ಆರು ಬಲ್ಬು, ಮೂರು ಪ್ಲಗ್, ಎರಡು ಕ್ಯಾಮೆರಾ, ಮೋಟರಿಗೊಂದು ಸ್ವಿಚ್ಚು, ಟ್ಯಾಂಕಿನ ಮುಚ್ಚಳಕ್ಕೊಂದು ಸೆನ್ಸರ್, ಜೊತೆಗೆ ಹೇಳಿದ ಮಾತು ಕೇಳುವ ಒಂದು ಡಬ್ಬಿ. ಮನೆಯಲ್ಲಿ ನನ್ನ ಮಾತು ಕೇಳುವವರು ಒಬ್ಬರಾದರೂ ಇರಲಿ ಎಂಬ ಆಸೆಯೂ ಅದರಲ್ಲಿ ಸೇರಿತ್ತು.

ಡಬ್ಬಿಗೆ ಕನ್ನಡ ಬಾರದು, ಅಮ್ಮನಿಗೆ ಇಂಗ್ಲಿಷ್ ಬಾರದು. ನಡುವೆ ದುಭಾಷಿಯಾಗಿ ನಮ್ಮ ಮಗಳು. ಮೊದಲ ರಾತ್ರಿ ಮಲಗುವ ಮುನ್ನ ಅಮ್ಮ, "ದೀಪ ದೊಡ್ಡದು ಮಾಡಲು ಹೇಳೇ" ಎಂದಳು. ದೀಪ ಆರಿಸು ಎಂಬ ಮಾತು ಅಮ್ಮನ ಬಾಯಲ್ಲಿ ಬರುವುದಿಲ್ಲ, ಅದು ಅಶುಭ. ದೊಡ್ಡದು ಮಾಡು ಎಂದರೇ ಆರಿಸು ಎಂದರ್ಥ. (ಮೋಟರಿಗೆ ಈ ಮಡಿ ಇಲ್ಲ, ಅದನ್ನು ಧಾರಾಳವಾಗಿ ಆರಿಸಬಹುದು.) ಬೆಂಗಳೂರಿನ ಶಾಲೆಯಲ್ಲಿ ಕಲಿತ ಮೊಮ್ಮಗಳು ಪದಕ್ಕೆ ಪದ ಇಟ್ಟು ಅನುವಾದಿಸಿದಳು. ಬಲ್ಬು ನೂರಕ್ಕೆ ನೂರು ಉರಿಯಿತು. "ಇನ್ನೂ ದೊಡ್ಡದು ಮಾಡಲು ಹೇಳು" ಎಂದು ಅಮ್ಮ ಕಣ್ಣು ಮುಚ್ಚಿಕೊಂಡು ಬೇಡಿದಳು. ಡಬ್ಬಿ ಇಂಗ್ಲಿಷಿನಲ್ಲಿ ತನ್ನ ಅಸಹಾಯಕತೆ ತೋಡಿಕೊಂಡಿತು. ಕೊನೆಗೆ ಅಮ್ಮ ಎದ್ದುಹೋಗಿ ಗೋಡೆಯ ಸ್ವಿಚ್ಚನ್ನೇ ಆರಿಸಿದಳು. ಅಂದಿನಿಂದ ಪ್ರತಿ ರಾತ್ರಿ ಆರಿಸುತ್ತಾಳೆ. ಗೋಡೆಯಲ್ಲೇ ಕರೆಂಟು ನಿಂತ ಮೇಲೆ ಬಲ್ಬು ಎಷ್ಟು ಬುದ್ಧಿವಂತನಾದರೇನು, ಗಾಜಿನ ಬುರುಡೆ ಅಷ್ಟೇ.

ಟ್ಯಾಂಕಿನ ಕೆಲಸ ಮಾತ್ರ ಎರಡು ತಿಂಗಳು ಸಲೀಸಾಗಿ ನಡೆಯಿತು. ಒಂದು ಗಂಟೆಗೆ ಮೋಟರ್ ತಾನೇ ಶುರುವಾಗುತ್ತಿತ್ತು, ತುಂಬಿದೊಡನೆ ಸೆನ್ಸರ್ ಸುದ್ದಿ ಕಳಿಸುತ್ತಿತ್ತು, ಮೋಟರ್ ನಿಲ್ಲುತ್ತಿತ್ತು. ನಾನು ಕಚೇರಿಯಲ್ಲಿ ಕೂತು ಫೋನಿನಲ್ಲಿ ಈ ಲೀಲೆಯನ್ನು ನೋಡಿ ಅಕ್ಕಪಕ್ಕದವರಿಗೂ ತೋರಿಸುತ್ತಿದ್ದೆ.

ಆಮೇಲೆ ಬೇಸಿಗೆ ಬಂತು. ಟೀಚರಮ್ಮನವರ ತಾರಸಿ ನಮ್ಮದಕ್ಕಿಂತ ಒಂದು ಅಂತಸ್ತು ಕೆಳಗಿದೆ. ಅಲ್ಲಿ ಹಳೆಯ ಬಿಳಿ ಪಂಚೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಹೇರಿ, ಕಾಗೆ ಬಾರದಿರಲೆಂದು ನಡುವೆ ಒಂದು ಕಪ್ಪು ಕೊಡೆ ಬಿಚ್ಚಿಟ್ಟು ಅಕ್ಕಿ ಸಂಡಿಗೆ ಒಣಗಿಸುತ್ತಾರೆ. ನಿವೃತ್ತ ಗಣಿತ ಶಿಕ್ಷಕಿ. ಸಂಡಿಗೆಗಳು ಗ್ರಾಫ್ ಹಾಳೆಯ ಮೇಲಿನ ಚುಕ್ಕಿಗಳಂತೆ ಸಾಲಾಗಿರುತ್ತವೆ. ನಮ್ಮ ಟ್ಯಾಂಕಿನ ಓವರ್‌ಫ್ಲೋ ಪೈಪಿನ ಬಾಯಿ ಸರಿಯಾಗಿ ಆ ಪಂಚೆಯ ನೆತ್ತಿಗೆ. ಅರ್ಧ ಒಣಗಿದ ಸಂಡಿಗೆಯ ಮೇಲೆ ಇಪ್ಪತ್ತು ನಿಮಿಷ ನೀರು ಸುರಿದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೊದಲು ಅಂಚು ಕರಗುತ್ತದೆ, ಆಮೇಲೆ ಸಾಲು ತಪ್ಪುತ್ತದೆ, ಕೊನೆಗೆ ಇಡೀ ಪಂಚೆ ಜೀರಿಗೆ ಹಾಕಿದ ಗಂಜಿಯಾಗಿ ಮೋರಿಯ ಕಡೆಗೆ ಹೊರಡುತ್ತದೆ.

ಎರಡನೆಯ ಗಂಜಿಯ ಮರುದಿನ ಇಂಟರ್ನೆಟ್ಟಿನವರಿಗೆ ಫೋನು ಮಾಡಿದೆ. ಆ ಕಡೆಯ ಹುಡುಗಿ ಟ್ಯಾಂಕು, ಸೆನ್ಸರ್, ಸಂಡಿಗೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ನಿಮ್ಮದು ಹಳೆಯ ಕೇಬಲ್, 40 ಎಂಬಿಪಿಎಸ್ ಪ್ಲಾನು ಸಾರ್. ಫೈಬರಿನ 300ಕ್ಕೆ ಹೋದರೆ ಸ್ಮಾರ್ಟ್ ಮನೆ ಓಡುತ್ತದೆ" ಎಂದಳು. ಓಡುತ್ತದೆ ಎಂದರೆ ಎಲ್ಲಿಗೆ ಎಂದು ನಾನು ಕೇಳಬೇಕಿತ್ತು.

ಫೈಬರ್ ಬಂತು. ಜೊತೆಗೆ ಹೊಸ ಪೆಟ್ಟಿಗೆ, ಹೊಸ ವೈಫೈ ಹೆಸರು, ಹೊಸ ಪಾಸ್‌ವರ್ಡ್. ಅದೇ ಸಂಜೆ ನನ್ನ ಹದಿನಾಲ್ಕು ಮಕ್ಕಳೂ ಅನಾಥರಾದರು. ಅವು ಹಳೆಯ ಹೆಸರನ್ನೇ ಜಪಿಸುತ್ತಾ ಕೂತಿದ್ದವು. ಒಂದೊಂದನ್ನೂ ಹೊಸದಾಗಿ ಪರಿಚಯ ಮಾಡಿಸಬೇಕು. ಬಲ್ಬಿಗಾದರೆ ಸ್ವಿಚ್ಚನ್ನು ಐದು ಸಲ ಹಾಕಿ ಆರಿಸಿ ಹಾಕಬೇಕು. ಆಗ ಅದು ಮಿಣುಕುತ್ತದೆ. ಮಿಣುಕುತ್ತಿರುವಾಗಲೇ ಫೋನಿನಲ್ಲಿ ಪಾಸ್‌ವರ್ಡ್ ಒತ್ತಬೇಕು. ಮೂರು ನಿಮಿಷ ಮೀರಿದರೆ ಮತ್ತೆ ಮೊದಲಿನಿಂದ. ಸ್ವಿಚ್ಚಿನ ಬಳಿ ಅಮ್ಮ ಪ್ರದಕ್ಷಿಣೆ ಎಣಿಸುವವಳಂತೆ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದಳು. ಪಡಸಾಲೆಯ ನಡುವೆ ಸ್ಟೂಲಿನ ಮೇಲೆ ನಾನು, ಕತ್ತು ಮೇಲೆ, ಫೋನು ಕೆಳಗೆ.

ಪಾಸ್‌ವರ್ಡಿನಲ್ಲಿರುವುದು ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ ಎಂಬ ಪ್ರಶ್ನೆಯಲ್ಲೇ ನಲವತ್ತು ನಿಮಿಷ ಕಳೆದವು. ಅದು ಬಗೆಹರಿದ ಮೇಲೂ ಬಲ್ಬು ಕೂಡಿಕೊಳ್ಳಲಿಲ್ಲ. ಹೊಸ ಪೆಟ್ಟಿಗೆ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಎಂಬ ವೈಫೈಯ ಎರಡು ರೇಡಿಯೋ ದಾರಿಗಳನ್ನೂ ಒಂದೇ ಹೆಸರಿನಲ್ಲಿ ಹಂಚುತ್ತಿತ್ತು. ಫೋನು ಐದರಲ್ಲಿ ಮೆರೆಯುತ್ತಿತ್ತು, ಬಡ ಬಲ್ಬಿಗೆ ಗೊತ್ತಿರುವುದು ಎರಡೂವರೆಗಿಂತ ಕೆಳಗಿನದು ಮಾತ್ರ. ಕಿಟಕಿಯಿಂದ ನಮ್ಮ ಮನೆಯ ದೀಪಗಳ ಈ ಪರಿಯನ್ನು ನೋಡಿ ಎದುರು ಮನೆಯವರು, "ಮಗಳ ಮದುವೆ ಗೊತ್ತಾಯಿತೇ?" ಎಂದು ವಿಚಾರಿಸಿಕೊಂಡು ಹೋದರು.

ರಾತ್ರಿ ಹನ್ನೊಂದೂವರೆಗೆ ಹದಿನಾಲ್ಕನೆಯದು ಸೇರಿತು. ಮೂರನೆಯ ದಿನ, 300 ಎಂಬಿಪಿಎಸ್ ವೇಗದಲ್ಲಿ, ಟೀಚರಮ್ಮನವರ ಮೂರನೆಯ ಪಂಚೆ ಗಂಜಿಯಾಯಿತು.

ಈ ಸಲ ಅವರು ಜಗಳ ಮಾಡಲಿಲ್ಲ. ಗೇಟಿನ ಬಳಿ ನಿಂತು, "ಮೂರು ಸಲವೂ ಒಂದೂಕಾಲಿನಿಂದ ಎರಡರ ಒಳಗೇ ಆಗಿದೆ. ಯೋಚನೆ ಮಾಡಿ" ಎಂದಷ್ಟೇ ಹೇಳಿ ಹೋದರು. ಲೆಕ್ಕದ ಟೀಚರು ಪ್ರಶ್ನೆ ಕೊಡುತ್ತಾರೆಯೇ ಹೊರತು ಉತ್ತರ ಹೇಳುವುದಿಲ್ಲ.

ನನ್ನ ದೂರಿನ ಮೇಲೆ ಇಂಟರ್ನೆಟ್ಟಿನವರು ಕಳಿಸಿದ ಹುಡುಗ ಮರುದಿನ ಅದೇ ಹೊತ್ತಿಗೆ ಬಂದ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು, ಹೆಗಲಿಗೆ ಚೀಲ, ಕಿವಿಯಲ್ಲಿ ಪೆನ್ಸಿಲ್. ಪೆಟ್ಟಿಗೆಯ ಮುಂದೆ ವೇಗ ಅಳೆದು ತೋರಿಸಿದ: 296. "ವೇಗಕ್ಕೇನೂ ಕೊರತೆ ಇಲ್ಲ ಸಾರ್. ಆದರೆ ನಿಮ್ಮ ಸೆನ್ಸರ್ ಕಳಿಸುವುದು ಒಂದು ಎಸ್‌ಎಂಎಸ್‌ನಷ್ಟು ಸುದ್ದಿ. ಅದಕ್ಕೆ 40 ಆದರೂ ಒಂದೇ, 300 ಆದರೂ ಒಂದೇ." ಮನೆಯ ಸಾಧನಗಳಿಗೆಂದೇ ಜಿಗ್‌ಬೀ ಎಂಬ ಬೇರೊಂದು ರೇಡಿಯೋ ವ್ಯವಸ್ಥೆ ಇದೆಯಂತೆ. ಅದರ ಗರಿಷ್ಠ ವೇಗವೇ ಸೆಕೆಂಡಿಗೆ 250 ಕಿಲೋಬಿಟ್, ಅಂದರೆ ಕಾಲು ಎಂಬಿಪಿಎಸ್. ನಾನು ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದ ವೇಗದಲ್ಲಿ 1,200ನೆಯ ಒಂದು ಪಾಲು. ಅಷ್ಟರಲ್ಲೇ ಮನೆಗಟ್ಟಲೆ ದೀಪಗಳು ನೆಮ್ಮದಿಯಾಗಿ ಹೊತ್ತಿ ಆರುತ್ತವೆ.

"ಹಾಗಾದರೆ ಹೇಳಿದ ಮೇಲೂ ಬಲ್ಬು ಹೊತ್ತಲು ಯಾಕೆ ತಡ ಮಾಡುತ್ತದೆ?"

"ನಿಮ್ಮ ನಲ್ಲಿಯನ್ನು ದಪ್ಪ ಮಾಡಿಸಿದರೆ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಬೇಗ ಬರುತ್ತದೆಯೇ ಸಾರ್?"

ಬರುವುದಿಲ್ಲ. ಬೆಂಗಳೂರಿಗೆ ಕಾವೇರಿ ನೀರು ಪಂಪು ಮಾಡುವ ತೊರೆಕಾಡನಹಳ್ಳಿ ಇರುವುದು ಸುಮಾರು ನೂರು ಕಿಲೋಮೀಟರ್ ದೂರದಲ್ಲಿ. ಹುಡುಗ ಫೋನಿನಲ್ಲಿ ಏನೋ ಕೆದಕಿ, ನನ್ನ ಬಲ್ಬಿನ ತೊರೆಕಾಡನಹಳ್ಳಿ ಸಿಂಗಪುರದಲ್ಲಿದೆ ಎಂದು ತೋರಿಸಿದ. ಪಡಸಾಲೆಯಲ್ಲಿ ನಿಂತು ಪಡಸಾಲೆಯ ದೀಪ ಹೊತ್ತಿಸು ಎಂದರೆ ಆ ಮಾತು ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ, ಅಲ್ಲಿನ ಸರ್ವರಿನ ಅಪ್ಪಣೆ ಪಡೆದು ವಾಪಸು ಬರಬೇಕು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುವುದರಿಂದ ಪ್ರಯಾಣದಲ್ಲಿ ಕಳೆದುಹೋಗುವುದು ಮೂವತ್ತು ಚಿಲ್ಲರೆ ಮಿಲಿಸೆಕೆಂಡು ಮಾತ್ರ. ಉಳಿದ ತಡವೆಲ್ಲ ಅಲ್ಲಿನ ಕಚೇರಿ ಕೆಲಸ ಮತ್ತು ನಮ್ಮ ಮನೆಯ ಮೂರು ಗೋಡೆ. ತಡಕ್ಕಿಂತ ನನಗೆ ಅವಮಾನವೇ ಹೆಚ್ಚಾಯಿತು. 1905ರಲ್ಲಿ ಶಿವನಸಮುದ್ರದ ಕರೆಂಟು ಬಂದು ಬೆಂಗಳೂರಿನ ಬೀದಿದೀಪಗಳನ್ನು ಹೊತ್ತಿಸಿತು. ಆಗ ಯಾರೂ ಸಿಂಗಪುರವನ್ನು ಕೇಳಿರಲಿಲ್ಲ.

ಹುಡುಗ ಸಿಗ್ನಲ್ ಅಳೆಯುತ್ತಾ ಮನೆ ತುಂಬ ತಿರುಗಿದ. ಫೋನಿನ ಪರದೆಯ ಮೇಲೆ ಹಸಿರು ಗೆರೆ ಗೋಡೆ ಗೋಡೆಗೂ ಒಂದಿಷ್ಟು ಇಳಿಯುತ್ತಾ ಬಂತು. ಅಡುಗೆಮನೆಯ ಬಾಗಿಲಿಗೆ ಬಂದಾಗ ಗೆರೆ ಒಮ್ಮೆಲೇ ಕುಸಿದು ಚಡಪಡಿಸತೊಡಗಿತು. ಅವನು ತಲೆ ಎತ್ತಿ, "ಒಳಗೆ ಏನು ಓಡುತ್ತಿದೆ ಸಾರ್?" ಎಂದ.

"ಸಾರು" ಎಂದೆ.

ನನ್ನ ಹೆಂಡತಿ ಮೈಕ್ರೋವೇವ್ ಓವನ್ನಿನಲ್ಲಿ ಸಾರು ಬಿಸಿಮಾಡುತ್ತಿದ್ದಳು. ಹುಡುಗನ ಮುಖ ಅರಳಿತು. ಆ ಓವನ್ನು ಕೆಲಸ ಮಾಡುವುದು ಸುಮಾರು 2.45 ಗಿಗಾಹರ್ಟ್ಸಿನಲ್ಲಿ, ನಮ್ಮ ಸೆನ್ಸರ್ ಪಿಸುಗುಡುವುದೂ ಅದರ ಆಸುಪಾಸಿನಲ್ಲೇ. ಬಾಗಿಲ ಸಂದಿನಿಂದ ಹೊರಬರುವ ಕಿಂಚಿತ್ ಅಲೆ ಮನುಷ್ಯರಿಗೆ ಏನೂ ಮಾಡುವುದಿಲ್ಲ, ಆದರೆ ವೈಫೈಯ ಪಿಸುಮಾತಿನ ಪಕ್ಕದಲ್ಲಿ ಅದು ಜಾತ್ರೆಯ ಮೈಕು. ತಾರಸಿಯ ಸೆನ್ಸರಿಗೂ ಮುಂದಿನ ಕೋಣೆಯ ಪೆಟ್ಟಿಗೆಗೂ ನಡುವೆ ಸರಿಯಾಗಿ ನಮ್ಮ ಅಡುಗೆಮನೆ. ಒಂದೂಕಾಲಿಗೆ ಊಟದ ಹೊತ್ತು. ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಉಣ್ಣುವವರು, ಒಬ್ಬೊಬ್ಬರಿಗೂ ಬೇರೆ ಬೇರೆ ಬಿಸಿ. ಆ ಗದ್ದಲದಲ್ಲಿ ಸೆನ್ಸರ್ 'ತುಂಬಿತು' ಎಂದಿದೆ. ಅಗ್ಗದ ಮಾಲು, ಒಂದೇ ಸಲ ಹೇಳಿ ಸುಮ್ಮನಾಗುವ ಜಾಯಮಾನ. ಅಮ್ಮನಾಗಿದ್ದರೆ ಆರಿಸುವವರೆಗೂ ಬಿಡುತ್ತಿರಲಿಲ್ಲ.

"ಅಂದರೆ ಸಂಡಿಗೆ ಹಾಳಾಗಿದ್ದು ನನ್ನ ಸಾರಿನಿಂದ ಎನ್ನುತ್ತೀರೇನ್ರೀ?" ಎಂದು ಒಳಗಿನಿಂದ ಕೇಳಿಬಂತು. ನಾನು ಹಾಗೆ ಹೇಳಿರಲಿಲ್ಲ. ಹುಡುಗ ಪೆಟ್ಟಿಗೆಯ ಹಿಂದೆ ಅಡಗಿಕೊಂಡ.

ಅವನು ಪೆಟ್ಟಿಗೆಯನ್ನು ಟಿವಿಯ ಹಿಂದಿನಿಂದ ತೆಗೆದು ಮೆಟ್ಟಿಲ ಹತ್ತಿರದ ಗೋಡೆಗೆ, ಎತ್ತರಕ್ಕೆ ಹೊಡೆದ. ಮೂರು ಗೋಡೆಯ ಜಾಗದಲ್ಲಿ ಒಂದು ಗೋಡೆ ಉಳಿಯಿತು. ಬಲ್ಬುಗಳು ಕರೆದ ಕೂಡಲೇ ಓಗೊಡತೊಡಗಿದವು. ಮೋಟರಿನ ವಿಷಯಕ್ಕೆ ಬಂದಾಗ, "ಇದನ್ನು ಇಂಟರ್ನೆಟ್ಟಿಗೆ ಬಿಡಬೇಡಿ ಸಾರ್, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಫ್ಲೋಟ್ ಸ್ವಿಚ್ ಸಿಗುತ್ತದೆ" ಎಂದ. ವೈರಿನ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಗುಂಡು. ನೀರು ಏರಿದರೆ ಗುಂಡು ತೇಲುತ್ತದೆ, ಮೋಟರ್ ನಿಲ್ಲುತ್ತದೆ. ಅದಕ್ಕೆ ಪಾಸ್‌ವರ್ಡ್ ಇಲ್ಲ. ಹೊರಡುವಾಗ ಇನ್ನೊಂದು ಮಾತು ಹೇಳಿದ: ಹೊಸ ಪೆಟ್ಟಿಗೆಗೆ ಹಳೆಯ ವೈಫೈ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಕೊಟ್ಟಿದ್ದರೆ ಹದಿನಾಲ್ಕೂ ತಾವಾಗಿಯೇ ಬಂದು ಸೇರುತ್ತಿದ್ದವಂತೆ. ನಾನು ಸ್ಟೂಲನ್ನು ನೋಡಿದೆ, ಅಮ್ಮ ನನ್ನನ್ನು ನೋಡಿದಳು.

ಫೈಬರಿನಿಂದ ಏನೂ ಲಾಭವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕ್ಯಾಮೆರಾಗಳಿಗೆ ಆಯಿತು. ಒಂದು ಒಳ್ಳೆಯ ಕ್ಯಾಮೆರಾ ಚಿತ್ರ ಕಳಿಸಲು ಎರಡರಿಂದ ನಾಲ್ಕು ಎಂಬಿಪಿಎಸ್ ತಿನ್ನುತ್ತದೆ, ಅದೂ ಮನೆಯಿಂದ ಹೊರಗೆ ಹೋಗುವ ದಾರಿಯಲ್ಲಿ. ಹಳೆಯ ಕೇಬಲ್ಲಿನಲ್ಲಿ ಒಳಗೆ ಬರುವ ವೇಗ 40 ಇದ್ದರೂ ಹೊರಗೆ ಹೋಗುವುದು ಬರೀ ನಾಲ್ಕು. ಎರಡು ಕ್ಯಾಮೆರಾ ಅದರಲ್ಲೇ ನುಗ್ಗಾಡುತ್ತಿದ್ದವು. ಗೇಟಿನಲ್ಲಿ ನಿಂತವರು ಕೊರಿಯರಿನವರೋ ಬೀಗರೋ ತಿಳಿಯುತ್ತಿರಲಿಲ್ಲ. ಈಗ ಎರಡೂ ಕಡೆಗೆ 300. ತಾರಸಿಯ ಕ್ಯಾಮೆರಾದಲ್ಲಿ ಟ್ಯಾಂಕಿನ ಮೇಲೆ ಕೂತ ಪಾರಿವಾಳದ ಕಣ್ಣು ಕಾಣುತ್ತದೆ.

ಈ ಸಂಗತಿಯನ್ನು ನಾನು ಟೀಚರಮ್ಮನವರ ಮುಂದೆ ಹೇಳಬಾರದಿತ್ತು. ಮೂರು ಪಂಚೆ ಸಂಡಿಗೆಗೆ ಪರಿಹಾರವಾಗಿ ಅವರು ಮೊದಲು ನಮ್ಮ ವೈಫೈ ಪಾಸ್‌ವರ್ಡ್ ಕೇಳಿದರು, ಕೊಟ್ಟೆ. ಬದಲಾಯಿಸಬಹುದಲ್ಲ ಎನ್ನುತ್ತೀರಿ. ಬದಲಾಯಿಸಿದರೆ ಮತ್ತೆ ಹದಿನಾಲ್ಕು, ಮತ್ತೆ ಸ್ಟೂಲು. ನಾನು ಇರುವವರೆಗೂ ಆ ಪಾಸ್‌ವರ್ಡ್ ಇರುತ್ತದೆ.

ಈ ಬೇಸಿಗೆಯಲ್ಲಿ ಅವರ ಮಂಡಿ ನೋವು ಹೆಚ್ಚಾಗಿದೆ, ಪದೇ ಪದೇ ತಾರಸಿಗೆ ಹತ್ತಲಾಗುವುದಿಲ್ಲ. ಸಂಡಿಗೆಯನ್ನು ಕೆಲಸದವಳು ಹಾಕಿ ಹೋಗುತ್ತಾಳೆ. "ನಿಮ್ಮ ಕ್ಯಾಮೆರಾವನ್ನು ಸ್ವಲ್ಪ ನಮ್ಮ ಕಡೆ ತಿರುಗಿಸಿದರೆ ನಿಮ್ಮ ಗಂಟೇನು ಹೋಗುತ್ತದೆ?" ಎಂದರು. ಮೂವತ್ತು ಡಿಗ್ರಿ ತಿರುಗಿಸಿದೆ. ಅವರ ಫೋನಿಗೂ ಚಿತ್ರ ಬರುವಂತೆ ಮಗಳು ಮಾಡಿಕೊಟ್ಟಳು. ಈಗ ಟೀಚರಮ್ಮ ಕೆಳಗೆ ಫ್ಯಾನಿನ ಅಡಿಯಲ್ಲಿ ಕೂತು, ತಮ್ಮದೇ ತಾರಸಿಯ ಸಂಡಿಗೆಯನ್ನು ಸಿಂಗಪುರದ ಮೂಲಕ ಕಾಯುತ್ತಾರೆ.

ಮೊನ್ನೆ ಭಾನುವಾರ ಊಟ ಮುಗಿಸಿ ಕಣ್ಣು ಅಡ್ಡಮಾಡಿದ್ದೆ. ಫೋನು ಬಡಿದುಕೊಂಡಿತು.

"ಎಡಗಡೆಯ ಮೂಲೆ, ಮೂರನೆಯ ಸಾಲು. ಒಂದು ಕಾಗೆ. ಬೇಗ."

ಬಿಸಿಲಿಗೆ ತಾರಸಿ ಕಾದಿತ್ತು, ಬರಿಗಾಲಲ್ಲಿ ಹೋಗುವಂತಿಲ್ಲ. ಮೆಟ್ಟಿಲ ಕೆಳಗೆ ಚಪ್ಪಲಿ ಹುಡುಕುತ್ತಿರುವಾಗಲೇ ಮತ್ತೆ ಬಡಿದುಕೊಂಡಿತು.

"ಎರಡಾದವು."